ವಿಮಾನದ ಹಣೆ

...ಸೌಟಿನ ಹಿಡಿಯಲ್ಲಿ, ಪಪ್ಪ. ಬಟ್ಟಲಿನಲ್ಲಿ ಅಲ್ಲ, ಅಷ್ಟು ಬುದ್ಧಿ ಆಗಲೂ ಇತ್ತು. ಸಿನ್ಯೋರ್ ಅವರ ಅಮ್ಮ ಸೂಪು ಬಡಿಸುವ ಸೌಟು. ಹಿಡಿ ಸುಮ್ಮನೆ ಭಾರ ಅಂತ ಸಾಲಾಗಿ ತೂತು ಕೊರೆದು ಹಗುರ ಮಾಡಿದರಂತೆ. ಆಗ ಅವರಿಗೆ ಹನ್ನೆರಡೋ ಹದಿಮೂರೋ... ನಗಿ, ನಗಿ. ಆದರೆ ಒಂದು ಕಣ್ಣು ಸಿಗ್ನಲಿನ ಮೇಲೆ ಇಟ್ಟು ನಗಿ. ಹಸಿರಾಗಿ ಎಷ್ಟು ಹೊತ್ತಾಯಿತು. ಹಿಂದಿನ ಲ್ಯಾಂಡ್ ಕ್ರೂಸರಿನವನು ನಮ್ಮ ಡಿಕ್ಕಿಯೊಳಗೇ ಕೂತ ಹಾಗೆ ಬಂದಿದ್ದಾನೆ.

ಎಂತ, ಹಾಗೆ ನೋಡುವುದು? ಹೌದು, ನಾನೇ ಮಾತಾಡುತ್ತಿರುವುದು. ನಿಮ್ಮ ಮಗಳು ಭವ್ಯಶ್ರೀಯೇ. ನಜ್ಮಾದಲ್ಲಿ ಕಾರು ಹತ್ತಿ ರಮಾಡಾ ಸಿಗ್ನಲಿಗೆ ಬರುವಷ್ಟರಲ್ಲಿ ಒಂದು ವರ್ಷದ ಮಾತು ಆಯಿತು ಅಂತ ತಾನೇ? ಆಗಲಿ. ಇವತ್ತು ಮಾತಾಡುವ ದಿನ. ತುಳುವಿನಲ್ಲಿ ಶುರು ಮಾಡಿದರೆ ನನಗೆ ಅಳು ಬರುತ್ತದೆ, ಇಂಗ್ಲಿಷಿನಲ್ಲಿ ಹೇಳಿದರೆ ನಿಮಗೆ ಸಿಟ್ಟು ಬರುತ್ತದೆ. ಅದಕ್ಕೆ ಕನ್ನಡ. ತಪ್ಪಿದರೆ ತಿದ್ದಬೇಡಿ, ಮತ್ತೆ ನಾನು ಬಾಯಿ ಮುಚ್ಚಿಬಿಡುತ್ತೇನೆ.

ಅಳು ಯಾಕೆ ಅಂದರೆ... ಸುಮ್ಮನೆ ಹೇಳಿದೆ ಪಪ್ಪ. ಮಾತಿಗೆ.

ಸರಿ, ಈಗ ಕೇಳಿ. ಸಿನ್ಯೋರ್ ಬಾಗಿಲಲ್ಲೇ ನಿಂತಿರುತ್ತಾರೆ. ಸಿನ್ಯೋರ್ ಅನ್ನಿ, 'ಇಟಲಿ ಅಜ್ಜ' ಅಂತ ಅಂಗಡಿಯವರ ಹಾಗೆ ಕರೆಯಬೇಡಿ. ಓರೆಸ್ತೆ ಬಲ್ದಾನಿ ಅಂತ ಹೆಸರು, ಅದನ್ನು ಹೇಳಲು ಹೋಗಿ ನಾಲಿಗೆ ಕಚ್ಚಿಕೊಳ್ಳುವುದೂ ಬೇಡ. ಅವರು ನಿಮ್ಮನ್ನು 'ಸಿನ್ಯೋರ್ ಯಾನೇಶ್' ಅನ್ನುತ್ತಾರೆ. ಯಜ್ಞೇಶ್ ಅಂತ ಹೇಳಲು ನಾನು ಎಷ್ಟು ಕಲಿಸಿದರೂ ಬರಲಿಲ್ಲ. ಜೋರಾಗಿ, ಸ್ವಲ್ಪ ದಪ್ಪ ಸ್ವರದಲ್ಲಿ ಮಾತಾಡಿ. ಐವತ್ತು ವರ್ಷ ಎಂಜಿನ್ನುಗಳ ಪಕ್ಕ ನಿಂತು ಅವರ ಕಿವಿ ಹೋಗಿದೆ. ಪೂರ್ತಿ ಅಲ್ಲ, ತೆಳು ಸ್ವರ ಮಾತ್ರ ಕೇಳಿಸುವುದಿಲ್ಲ. ಫೋನ್ ರಿಂಗಾದರೆ ಗೊತ್ತಾಗುವುದಿಲ್ಲ, ಕುಕ್ಕರಿನ ಸೀಟಿ ಗೊತ್ತಾಗುವುದಿಲ್ಲ. ಅಮ್ಮ ಬಂದಿದ್ದರೆ ಅವಳು ಹೇಳಿದ ಒಂದೂ ಕೇಳುತ್ತಿರಲಿಲ್ಲ... ನೋಡಿ, ಅದಕ್ಕೆ ಮಾತ್ರ ಎಷ್ಟು ಖುಷಿ ನಿಮಗೆ.

ಊಟದ ಮೊದಲು ಕಾಫಿ ಕೊಡುತ್ತಾರೆ. ಇಷ್ಟೇ ಇಷ್ಟು ಕಪ್ಪಿನಲ್ಲಿ, ಕಷಾಯದ ಹಾಗೆ. ಮುಖ ಕಿವಿಚಬೇಡಿ. ಕುಡಿದಾದ ಮೇಲೆ ಅವರು ಕೇಳುತ್ತಾರೆ, ನಾಳೆ ಬೆಳಿಗ್ಗೆ ನಿಮ್ಮ ಮಗಳು ವಿಮಾನದಲ್ಲಿ ನನ್ನ ಬಲಗಡೆ ಕೂರಬಹುದಾ ಅಂತ. ನೀವು ಹೂಂ ಅನ್ನಬೇಕು.

ಈಗಲೇ ಬೇಡ ಅನ್ನಬೇಡಿ. ಟಿವಿ ರೌಂಡ್ ಅಬೌಟ್ ತನಕ ಕೇಳಿ, ಆಮೇಲೆ ಹೇಳಿ. ಏಶ್ಯನ್ ಗೇಮ್ಸ್ ಮುಗಿದು ವರ್ಷವಾದರೂ ಇವರು ರಸ್ತೆ ಅಗೆಯುವುದು ಮುಗಿಯಲಿಲ್ಲ, ನಮಗೆ ಸಮಯ ಬೇಕಾದಷ್ಟು ಉಂಟು.

ವಿಮಾನಕ್ಕೆ ದುಡ್ಡು ಹಾಕಿದ ಅರಬ್ಬಿ ಧಣಿ, ಅರ್ಬಾಬ್, ಬರುತ್ತಾರೆ ನಾಳೆ, ನೋಡಲಿಕ್ಕೆ. ಅವರಿಗೆ ಹಿಡಿಸಿದರೆ ಅಂಥದ್ದೇ ಇನ್ನೂ ಹತ್ತು ಮಾಡಲು ಹೇಳುತ್ತಾರೆ. ಹಿಡಿಸದಿದ್ದರೆ ಖಲಾಸ್. ಸಿನ್ಯೋರ್ ಊರಿಗೆ ಹೋಗುತ್ತಾರೆ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಇನ್ನು ಯಾರು ಕರೆಯುತ್ತಾರೆ. ಎರಡೂ ಸೀಟಿನಲ್ಲಿ ಜನ ಕೂತು ಹಾರಬೇಕು. ಎಡಗಡೆ ಅವರು. ಬಲಗಡೆ ಕೂತವರು ಮೀಟರಿನ ಮುಳ್ಳುಗಳನ್ನು ನೋಡಿ ಬರೆದುಕೊಳ್ಳಬೇಕು, ಎಂಜಿನ್ ಎಷ್ಟು ಬಿಸಿಯಾಯಿತು, ಎಣ್ಣೆ ಎಷ್ಟು ಬಿಸಿಯಾಯಿತು. ಆ ಡ್ರಾಯಿಂಗ್ ಎಲ್ಲ ಕಂಪ್ಯೂಟರಿಗೆ ಹಾಕಿದವಳು ನಾನು. ಮತ್ತೆ ಯಾರು ಕೂರಬೇಕು, ಹೇಳಿ?

ಅಪಾಯ. ಗೊತ್ತಿತ್ತು ಅದೇ ಬರುತ್ತದೆ ಅಂತ. ಪಪ್ಪ, ಅವರು ಹನ್ನೊಂದು ವಿಮಾನ ಮಾಡಿದ್ದಾರೆ. ಹನ್ನೊಂದನ್ನೂ ಮೊದಲು ಹಾರಿಸಿದ್ದು ಅವರೇ. ಮೊದಲ ಸಲ ಹಾರಿಸಲು ಬೇರೆಯವರನ್ನು ಕೂರಿಸುವುದಿಲ್ಲ. ಅಡಿಗೆ ಮಾಡಿದವನೇ ಮೊದಲ ತುತ್ತು ತಿನ್ನಬೇಕು ಅನ್ನುತ್ತಾರೆ. ನೀವು ಅಂಗಡಿಯಲ್ಲಿ ಕಾರಿಗೆ ಹೊಸ ಸೀಟು ಹೊಲಿದ ಮೇಲೆ ನೀವೇ ಕೂತು ಎರಡು ಸಲ ಹಾರಿ ನೋಡುತ್ತೀರಲ್ಲ, ಹಾಗೆ.

ಅವರ ಅಪ್ಪನೂ ನಿಮ್ಮ ಕಸುಬಿನವರೇ. ಸೀಟಲ್ಲ, ಕುರ್ಚಿ. ಮರದ ಕುರ್ಚಿ ಮಾಡುತ್ತಿದ್ದರಂತೆ. ಊರು ಇಟಲಿಯ ಉತ್ತರಕ್ಕೆ, ಸುತ್ತ ಗದ್ದೆ. ಗೋಧಿಯಲ್ಲ ಪಪ್ಪ, ಭತ್ತದ ಗದ್ದೆ. ನನಗೂ ಗೊತ್ತಿರಲಿಲ್ಲ. ನಾನು ಪಿಜ್ಜಾ ಅಂದುಕೊಂಡಿದ್ದೆ, ಅಲ್ಲಿ ಅನ್ನ ಬೆಳೆಯುತ್ತಾರೆ. ಅವರ ಅಮ್ಮ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ನೇಜಿ ನೆಡುತ್ತಿದ್ದರು. ನಮ್ಮ ಕಾಪುವಿನ ಅಜ್ಜಿಯ ಹಾಗೇ, ಸಾಲಾಗಿ ಬಗ್ಗಿ, ಹಾಡು ಹೇಳಿಕೊಂಡು. ನಾನು ಹೇಳಿದೆ, ನಮ್ಮ ಅಜ್ಜಿಯೂ ಹಾಗೇ ಅಂತ. ಅವರು ನನ್ನ ಕೈ ಹಿಡಿದು ಕುಲುಕಿದರು, ಏನೋ ಸಂಬಂಧ ಸಿಕ್ಕಿದ ಹಾಗೆ.

ಅಪ್ಪನ ಕೊಟ್ಟಿಗೆಯಲ್ಲಿ ಉಳಿದ ಮರದಿಂದಲೇ ಮೊದಲನೆಯದ್ದು ಮಾಡಿದರು. ಮರದ ಎಲುಬು, ಮೇಲೆ ಬಟ್ಟೆ. ಹೌದು, ಬಟ್ಟೆಯ ರೆಕ್ಕೆ. ಬಟ್ಟೆ ಹೊದೆಸಿ ಒಂದು ನಮೂನೆ ವಾರ್ನಿಶು ಬಳಿದರೆ ಅದು ಬಿಗಿದು ಚೆಂಡೆಯ ಹಾಗೆ ಆಗುತ್ತದೆ. ಬೆರಳಿನಿಂದ ತಟ್ಟಿದರೆ ಡಂ ಅನ್ನುತ್ತದೆ. ಆಗಲೂ ಇದೇ ಹುಚ್ಚು. ಎಲ್ಲಿ ನೋಡಿದರೂ ಭಾರ, ಎಲ್ಲಿ ನೋಡಿದರೂ ತೂತು. ಪ್ರತಿಯೊಂದು ತುಂಡನ್ನೂ ತೂಗಿ, ಬೇಡದ ಜಾಗದಲ್ಲಿ ಕೊರೆದು, ಮತ್ತೆ ತೂಗಿ. ಅವರ ಅಪ್ಪ ಕೇಳಿದರಂತೆ, ಕಡೆಗೆ ಬರೀ ತೂತು ಉಳಿದರೆ ಯಾವುದರ ಮೇಲೆ ಕೂರುತ್ತೀ ಅಂತ.

ನೀವು ಹೇಳಿದ್ದು ಅದಕ್ಕಿಂತ ಚೆನ್ನಾಗಿತ್ತು. ನೆನಪುಂಟಾ? ಅವರು ಮೊದಲ ಸಲ ನಮ್ಮ ಅಂಗಡಿಗೆ ಬಂದು, ನೀವು ಕೊಟ್ಟ ಫೋಮನ್ನು ತಮ್ಮ ಚೀಲದ ತಕ್ಕಡಿಯಲ್ಲಿ ತೂಗಿ, ಕತ್ತರಿ ಕೇಳಿ, ನಿಮ್ಮ ಕಣ್ಣೆದುರೇ ಅಡಿಯಲ್ಲಿ ಗುಂಡಗೆ ಕತ್ತರಿಸಿ ತೆಗೆದರಲ್ಲ. ಆಗ ನೀವು ನನ್ನ ಹತ್ತಿರ ಹೇಳಿದಿರಿ, ಈ ಅಜ್ಜನ ಕೈಗೆ ಇಡ್ಲಿ ಕೊಟ್ಟರೆ ವಡೆ ಮಾಡಿಬಿಡುತ್ತಾರೆ ಅಂತ. ಅವರು ಎಂತ ಅಂತ ಕೇಳಿದಾಗ ನಾನು 'ಪಪ್ಪ ಈಸ್ ಆಫರಿಂಗ್ ಬ್ರೇಕ್‌ಫಾಸ್ಟ್' ಅಂದೆ. ಪಾಪ, ಮರುದಿನ ಎಂಟು ಗಂಟೆಗೆ ಬಂದು ಕೂತರು.

ಹಾಗೆಯೇ ಅಲ್ಲವಾ ನನಗೆ ಕೆಲಸ ಸಿಕ್ಕಿದ್ದು. ನಾನು ಕಂದು ಕಾಗದದ ಮೇಲೆ ಸೀಟಿನ ಅಳತೆ ಬರೆಯುತ್ತಿದ್ದೆ. ಅವರು ತುಂಬಾ ಹೊತ್ತು ನೋಡಿ, ಈ ಹುಡುಗಿ ಯಾಕೆ ಮಾತಾಡುವುದಿಲ್ಲ ಅಂತ ನಿಮ್ಮನ್ನೇ ಕೇಳಿದರು. ನೀವು, 'ಶೈ ಸರ್, ವೆರಿ ಶೈ, ಡಿಫೆಕ್ಟ್' ಅಂದಿರಿ. ಡಿಫೆಕ್ಟ್ ಅಂತೆ. ಕಾರಿನ ಸೀಟು ರಿಟರ್ನ್ ಬಂದ ಹಾಗೆ... ಇಲ್ಲ, ಬೇಸರ ಇಲ್ಲ. ಅವರು ಎಂತ ಹೇಳಿದರು ಗೊತ್ತುಂಟಾ, ನಾನು ಆಗ ನಿಮಗೆ ಹೇಳಲಿಲ್ಲ. ಮಾತಾಡುವವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ, ಕೇಳುವವರು ಬೇಕು ಅಂದರು.

ಹಾರ್ನ್ ಯಾಕೆ ಹಾಕುತ್ತೀರಿ, ಅವನಿಗೂ ಮುಂದೆ ಜಾಗ ಇಲ್ಲ.

ಹಾಂ, ಗದ್ದೆ. ಅದನ್ನು ಹೇಳಲೇಬೇಕು, ಅದು ಹೇಳದಿದ್ದರೆ ಇವತ್ತು ನಮ್ಮನ್ನು ಯಾಕೆ ಕರೆದರು ಅಂತ ಗೊತ್ತಾಗುವುದಿಲ್ಲ. ಎರಡನೆಯ ವಿಮಾನಕ್ಕೆ ಎರಡು ಸೀಟು ಇತ್ತು. ಅವರಿಗೆ ಲಿನೊ ಅಂತ ಒಬ್ಬ ತಮ್ಮ, ಹದಿನಾರು ವರ್ಷ. ಮನೆಯಲ್ಲಿ ಹೇಳದೆ ಅವನನ್ನು ಪಕ್ಕದಲ್ಲಿ ಕೂರಿಸಿ ಹಾರಿಸಿದರು. ಮೇಲೆ ಹೋಗಿ ಎಂಜಿನ್ ಕೆಮ್ಮಿತು. ಇಳಿಸಲು ಜಾಗ ಎಲ್ಲಿ? ಎಲ್ಲ ಕಡೆ ನೀರು ನಿಂತ ಗದ್ದೆ. ಒಂದು ಗದ್ದೆಯಲ್ಲಿ ಇಳಿಸಿದರು, ಮೂಗು ಕೆಸರಿನಲ್ಲಿ ಹೂತು ಬಾಲ ಮೇಲೆ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಅದೇ ಗದ್ದೆಯಲ್ಲಿ ಹೆಂಗಸರು ನೇಜಿ ನೆಡುತ್ತಿದ್ದರು. ಸಾಲಿನ ಕೊನೆಯವರು ತಲೆ ಎತ್ತಿ ನೋಡಿದರು. ಅದು ಅವರ ಅಮ್ಮ.

ನಗು ಬರುತ್ತದೆ ಅಲ್ವಾ. ನನಗೂ ಬಂತು. ಅವರಿಗೆ ಮಾತ್ರ ಈಗಲೂ ಬರುವುದಿಲ್ಲ. ಅಮ್ಮ ಬೈಯಲಿಲ್ಲವಂತೆ. ಬಂದು ಲಿನೊನ ಕಿವಿ ಹಿಡಿದು ಹೊರಗೆ ಎಳೆದು, ಕಾಲುವೆಯ ನೀರಿನಲ್ಲಿ ಅವನ ಮುಖ ತೊಳೆದು, ಪುನಃ ಹೋಗಿ ನೆಡಲು ನಿಂತರು. ದೊಡ್ಡ ಮಗನ ಹತ್ತಿರ ಕೊಯ್ಲಿನವರೆಗೆ ಒಂದು ಮಾತಿಲ್ಲ. ಕೊಯ್ಲು ಮುಗಿದ ದಿನ ತಟ್ಟೆ ಮುಂದಿಟ್ಟು ಹೇಳಿದರಂತೆ, ನಿನ್ನ ಪಕ್ಕ ಕೂರುವವನು ಯಾವುದೋ ಒಂದು ಮನೆಯವನು. ಆ ಮನೆಯವರನ್ನು ಕೇಳಿ ಕೂರಿಸು.

ಅಂದಿನಿಂದ ಅದೊಂದು ನಿಯಮ ಅವರಿಗೆ. ಬಲಗಡೆಯ ಸೀಟಿನಲ್ಲಿ ಯಾರೇ ಕೂರಲಿ, ಮೊದಲು ಅವರ ಮನೆಗೆ ಹೋಗುತ್ತಾರೆ, ಇಲ್ಲ ಮನೆಯವರನ್ನು ಕರೆಸುತ್ತಾರೆ, ಒಟ್ಟಿಗೆ ಕಾಫಿ ಕುಡಿದು ಕೇಳುತ್ತಾರೆ. ಐವತ್ತು ವರ್ಷದ ಪೈಲಟನಿಗೂ ಬಿಡುವುದಿಲ್ಲ, ಅವನ ಹೆಂಡತಿಯನ್ನು ಕೇಳಬೇಕು. ಅದು ಒಂದೇ ನಿಯಮ ಪಪ್ಪ. ಮತ್ತೆಲ್ಲ ವಿಷಯದಲ್ಲಿ ಅವರು ನಮ್ಮ ದುಗ್ಗು ಮಾಮನ ಹಾಗೆ, ಇವತ್ತು ಒಂದು ನಾಳೆ ಒಂದು.

ಆಮೇಲಿನದ್ದು ಅಷ್ಟು ಚಂದದ ಕತೆಯಲ್ಲ. ವಿಮಾನ ಚೆನ್ನಾಗಿರುತ್ತಿತ್ತು, ಕಂಪೆನಿ ಮುಳುಗುತ್ತಿತ್ತು. ನಾಲ್ಕನೆಯದಕ್ಕೆ ಯಾವುದೋ ಬಹುಮಾನ ಬಂತು, ಮಾರಾಟವಾದದ್ದು ಆರೇ ಆರು. ಏಳನೆಯದ್ದರ ಡ್ರಾಯಿಂಗನ್ನು ಕಂಪೆನಿ ಬೇರೆಯವರಿಗೆ ಕೊಟ್ಟುಬಿಟ್ಟಿತು. ಅದು ತುಂಬಾ ದೇಶಗಳಲ್ಲಿ ಹಾರಿತು, ಮೂಗಿನ ಮೇಲೆ ಬೇರೆಯವರ ಹೆಸರು. ನಿಮಗೆ ಸಿಟ್ಟು ಬರಲಿಲ್ಲವಾ ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ ಹೇಳಿದರು, ಅವರು ಬಾಲಕ್ಕೆ ಎರಡು ಕಿಲೋ ಜಾಸ್ತಿ ಸೇರಿಸಿದ್ದಾರೆ, ಅದಕ್ಕೆ ಸಿಟ್ಟು ಅಂತ. ಹೆಸರು ಹೋದದ್ದಕ್ಕೆ ಅಲ್ಲ. ಎರಡು ಕಿಲೋಗೆ.

ಮತ್ತೆ ಬಹಳ ವರ್ಷ ಯಾರೂ ಕರೆಯಲಿಲ್ಲ. ಶಾಲೆಯ ಮಕ್ಕಳಿಗೆ ಗಾಳಿಪಟ ಮಾಡಲು ಕಲಿಸುತ್ತಿದ್ದರಂತೆ. ಆಗ ಈ ಅರ್ಬಾಬ್ ಕರೆದದ್ದು. ಅವರು ಚಿಕ್ಕವರಿದ್ದಾಗ ಯುರೋಪಿನಲ್ಲಿ ಹಾರಲು ಕಲಿತದ್ದು ಸಿನ್ಯೋರ್ ಮಾಡಿದ ವಿಮಾನದಲ್ಲಿ. ಇಲ್ಲಿಯ ಸೆಕೆಗೆ ತಡೆಯುವಂಥದ್ದು ಒಂದು ಮಾಡಿಕೊಡಿ ಅಂದರು. ಮುದುಕ ಮೂರು ಬೇಸಿಗೆ ಅಲ್ ಖೋರ್ ದಾರಿಯ ಆ ತಗಡಿನ ಶೆಡ್ಡಿನಲ್ಲಿ ಬೆಂದದ್ದು ಈ ಒಂದಕ್ಕೆ. ಈಗ ನಾನೇ ಮುದುಕ ಅಂದೆ. ಅಲ್ಲಿ ಹೇಳಬೇಡಿ.

ಪೂಜೆ? ಅದಕ್ಕೆ ಬರುತ್ತಿದ್ದೇನೆ. ನೀವೇ ಎತ್ತಿದಿರಿ, ಮತ್ತೆ ನನ್ನನ್ನು ಹೇಳಬೇಡಿ.

ಸೀಟು ಕೂರಿಸಲು ನೀವು ಬಂದ ದಿನವೇ ಆಯುಧ ಪೂಜೆ. ಅದಕ್ಕೆ ಮೊದಲು ಅವರೊಬ್ಬರೇ ಬರೀ ಹಲಗೆಯ ಮೇಲೆ ಕೂತು ಎರಡು ಸಲ ಹಾರಿಸಿ ನೋಡಿದ್ದರು. ನೀವು ಹೇಳಿದಿರಿ, ಗಂಧ ಹಚ್ಚದ ಗಾಡಿಗೆ ನಾನು ಸೀಟು ಹಾಕುವುದಿಲ್ಲ ಅಂತ. ಶೆಡ್ಡಿನ ಬಾಗಿಲು ಹಾಕಿ, ಸದ್ದಾಗಬಾರದು ಅಂತ ತೆಂಗಿನಕಾಯಿಗೆ ಟವೆಲ್ ಸುತ್ತಿ ಒಡೆದಿರಿ. ಒಡೆಯಲಿಲ್ಲ. ಮೂರನೆಯ ಸಲಕ್ಕೆ ಟವೆಲಿನೊಳಗೆ ಒಡೆದು, ಮೆಕ್ಯಾನಿಕ್ ಜೇಕಬ್ ಆ ಟವೆಲ್ ಹಿಂಡಿ ನೀರು ಕುಡಿಯಲಾ ಅಂತ ಕೇಳಿದ. ಚಕ್ರದ ಅಡಿಗೆ ನಿಂಬೆಹಣ್ಣು. ಅದು ಸರಿ. ಆಮೇಲೆ ಗಂಧ ಹಿಡಿದುಕೊಂಡು ವಿಮಾನಕ್ಕೆ ಸುತ್ತು ಬಂದಿರಿ. ಒಂದು ಸುತ್ತು, ಎರಡು ಸುತ್ತು. ಮತ್ತೆ ನನ್ನನ್ನು ಕೇಳಿದಿರಿ, 'ಇದರ ಹಣೆ ಎಲ್ಲಿ?'

ನಾನು ಎಂತ ಹೇಳಲಿ. ಕಾರಿಗಾದರೆ ಬಾನೆಟ್ ಉಂಟು. ಪ್ರೊಪೆಲರಿಗೆ ಇಟ್ಟರೆ ತಿರುಗಿ ಹಾರಿ ಹೋಗುತ್ತದೆ ಅಂದಿರಿ. ಕಡೆಗೆ ಮೂಗಿನ ಎಡಗಡೆ ಒಂದು ಜಾಗ ಸಿಕ್ಕಿತು. ಸಣ್ಣ ಸ್ಟೀಲಿನ ಬಿಲ್ಲೆ, ನಾಣ್ಯದಷ್ಟು, ಚೆನ್ನಾಗಿ ಹೊಳೆಯುತ್ತಿತ್ತು. ನೀವು ಕಣ್ಣು ಮುಚ್ಚಿ ಕೈ ಮುಗಿದು, ಸರಿಯಾಗಿ ಅದರ ನಡುವಿಗೆ ಗಂಧ, ಅದರ ಮೇಲೆ ಕುಂಕುಮ. ಎಷ್ಟು ಚಂದ ಕಂಡಿತು ಅಂದರೆ ನಾನೂ ಮೊಬೈಲಿನಲ್ಲಿ ಫೋಟೊ ತೆಗೆದೆ.

ಪಪ್ಪ, ಆ ಬಿಲ್ಲೆಯ ನಡುವೆ ಒಂದು ತೂತು ಉಂಟು.

ಸೂಜಿ ಹೋಗುವಷ್ಟು. ಅದರಿಂದಲೇ ವಿಮಾನ ಉಸಿರು ಎಳೆಯುವುದು. ಎಂಜಿನ್ನಿಗಲ್ಲ, ಮುಳ್ಳುಗಳಿಗೆ. ಹೊರಗಿನ ಗಾಳಿ ಆ ತೂತಿನಿಂದ ಒಳಗೆ ಬಂದರೆ ಎಷ್ಟು ಎತ್ತರ, ಎಷ್ಟು ವೇಗ ಅಂತ ಮುಳ್ಳು ಹೇಳುತ್ತದೆ. ಐವತ್ತು ವರ್ಷ ತೂತು ಕೊರೆದ ಮನುಷ್ಯ, ಎಲ್ಲ ತೂತೂ ಭಾರ ಇಳಿಸಲಿಕ್ಕೆ. ನಿಜವಾಗಿ ಬೇಕಾದ ತೂತು ಅದೊಂದೇ. ಅದನ್ನು ನೀವು ಮಂತ್ರ ಹೇಳಿ ಮುಚ್ಚಿದಿರಿ.

ನಗುತ್ತಿದ್ದೀರಲ್ಲ, ಅಬ್ಬ. ಸಿಟ್ಟು ಮಾಡಿಕೊಳ್ಳುತ್ತೀರಿ ಅಂದುಕೊಂಡಿದ್ದೆ. ಕಣ್ಣೊರೆಸಿಕೊಳ್ಳಿ, ನಾನು ಸ್ಟೀರಿಂಗ್ ಹಿಡಿಯುತ್ತೇನೆ... ಬೇಡವಾ, ಸರಿ.

ಮರುದಿನ ಬೆಳಿಗ್ಗೆ ಹಾರಬೇಕು. ಹೊಸ ಸೀಟು, ಬಲಗಡೆ ಮರಳಿನ ಚೀಲ ಕಟ್ಟಿ, ತೂಕ ಸರಿ ಮಾಡಿ. ಸಿನ್ಯೋರ್ ಯಾವಾಗಲೂ ಹಾರುವ ಮೊದಲು ಸುತ್ತ ತಿರುಗಿ ಎಲ್ಲ ಮುಟ್ಟಿ ನೋಡುತ್ತಾರೆ. ಗಂಧ ನೋಡಿದರಂತೆ. ಒರೆಸಲು ಮನಸ್ಸಾಗಲಿಲ್ಲ. ಅವರ ಊರಿನಲ್ಲೂ ಪಾದ್ರಿ ಬಂದು ಹೊಸ ಟ್ರ್ಯಾಕ್ಟರಿಗೆ ನೀರು ಚಿಮುಕಿಸುತ್ತಾರಂತೆ, ಅದನ್ನು ಯಾರೂ ಒರೆಸುವುದಿಲ್ಲ. ಬಿಟ್ಟುಬಿಟ್ಟರು.

ರನ್‌ವೇಯಲ್ಲಿ ಓಡುವಾಗ ಎಲ್ಲ ಸರಿ. ವೇಗದ ಮುಳ್ಳು ಏರಿತು, ವಿಮಾನ ಎದ್ದಿತು. ಆಮೇಲೆ ಮೇಲೆ ಹೋದ ಹಾಗೆ ವೇಗದ ಮುಳ್ಳು ಇಳಿಯಲಿಕ್ಕೆ ಶುರು. ಎತ್ತರದ ಮುಳ್ಳು ಸೊನ್ನೆಯಲ್ಲೇ ಕೂತಿತ್ತು. ಕೆಳಗೆ ಒಂಟೆಗಳು ಇರುವೆಯಷ್ಟಾಗಿವೆ, ಮುಳ್ಳು ಮಾತ್ರ ನಾವಿನ್ನೂ ನೆಲದಲ್ಲೇ ಇದ್ದೇವೆ ಅನ್ನುತ್ತಿತ್ತು. ಹೊಸಬರಾದರೆ ಹೆದರಿ, ವೇಗ ಸಾಲದು ಅಂತ ಮೂಗು ಕೆಳಗೆ ಮಾಡುತ್ತಾರೆ. ಆಗ ನಿಜವಾಗಿ ಅಪಾಯ. ಸಿನ್ಯೋರ್ ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿದರು. ಆಮೇಲೆ ಎಡಗಡೆ ಕಿಟಕಿಯಿಂದ ಬಗ್ಗಿ ನೋಡಿದರು, ಕುಂಕುಮ ಕಾಣಿಸಿತು, ಜೋರಾಗಿ ನಕ್ಕುಬಿಟ್ಟರು. 'ಸಿನ್ಯೋರ್ ಯಾನೇಶ್, ನೀನು ನನ್ನ ಬಾಯಿ ಮುಚ್ಚಿದೆ' ಅಂತ.

ಅವರು ಹೆದರಲೇ ಇಲ್ಲ. ಕರವಸ್ತ್ರ ತೆಗೆದು ಮುಳ್ಳುಗಳ ಮೇಲೆ ಹೊದೆಸಿದರು, ಸುಳ್ಳು ಹೇಳುವವರ ಮುಖ ನೋಡಬಾರದು ಅಂತ. ಗಾಳಿಯ ಸದ್ದು ಕೇಳಿಯೇ ಇಳಿಸುವುದು ಅಂದರು. ಬಾಗಿಲಿನ ಸಂದಿನಲ್ಲಿ ಗಾಳಿ ಒಂದು ಸೀಟಿ ಹೊಡೆಯುತ್ತದೆ, ತೆಳುವಾಗಿ. ವೇಗ ಹೆಚ್ಚಾದರೆ ಚೂಪಾಗುತ್ತದೆ, ಕಡಿಮೆಯಾದರೆ ಸಣ್ಣದಾಗುತ್ತದೆ. ದೊಡ್ಡ ಸುತ್ತು ಹಾಕಿ ಬಂದರು, ಆ ಕಡೆ ಸಮುದ್ರ, ಈ ಕಡೆ ಮರಳು. ಇಡೀ ಕ್ಯಾಬಿನ್ನಿನಲ್ಲಿ ಹಿಂದಿನ ದಿನದ ಊದಿನಕಡ್ಡಿಯ ಪರಿಮಳ. ಇಳಿದದ್ದು ಗೊತ್ತೇ ಆಗಲಿಲ್ಲ ಪಪ್ಪ, ಹೂವು ಇಟ್ಟ ಹಾಗೆ. ಇಳಿದು ಅವರೇ ಗಂಧ ಒರೆಸಿ, ನೀವು ಸೀಟಿನ ಅಡಿಯಲ್ಲಿ ಬಿಟ್ಟು ಹೋದ ಹೊಲಿಗೆ ಸೂಜಿಯಿಂದ ತೂತು ಬಿಡಿಸಿದರು. ಸೂಜಿ ಸೀಟಿನಲ್ಲಿ ಬಿಡುವ ಬಗ್ಗೆ ಬೇರೆ ದಿನ ಮಾತಾಡುವ.

ನಿಮ್ಮ ಮೇಲೆ ತಪ್ಪು ಹಾಕಲಿಲ್ಲ ಅವರು. ತಪ್ಪು ನನ್ನದೇ, ಭಾರ ಉಳಿಸಲು ಒಂದೇ ಕಡೆ ತೂತು ಇಟ್ಟೆ, ಮತ್ತು ಆಶೀರ್ವಾದದ ನಂತರವೂ ಚೆಕ್ ಮಾಡಬೇಕಿತ್ತು ಅಂದರು. ಈಗ ಬಲಗಡೆಯೂ ಒಂದು ಬಿಲ್ಲೆ ಹಾಕಿದ್ದಾರೆ. ಡ್ರಾಯಿಂಗಿನಲ್ಲಿ ಅದಕ್ಕೆ ನಿಮ್ಮ ಹೆಸರು. ನಿಜವಾಗಿ. ಇವತ್ತು ತೋರಿಸುತ್ತಾರೆ. 'ಯಾನೇಶ್ ತೂತು'. ಹನ್ನೊಂದು ವಿಮಾನದಲ್ಲಿ ಅವರು ಬೇರೆಯವರ ಹೆಸರು ಇಟ್ಟದ್ದು ಅದೊಂದಕ್ಕೇ.

ಸೀಟೂ ಚೆನ್ನಾಗಿದೆ ಅಂದರು. ಆದರೆ ಬಲಗಡೆಯದ್ದರ ಮುಂದಿನ ಅಂಚು, ನೀವು ಹಗ್ಗದ ಹಾಗೆ ದಪ್ಪ ಪೈಪಿಂಗ್ ಹೊಲಿದಿದ್ದೀರಲ್ಲ, ಅದನ್ನು ಸ್ವಲ್ಪ ಇಳಿಸಬೇಕು. ಮೊಣಕಾಲಿನ ಹಿಂದೆ ಒತ್ತುತ್ತದೆ. ಇಳಿಯುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು...

ಟಿವಿ ರೌಂಡ್ ಅಬೌಟ್ ಬಂತು. ಎಡಕ್ಕೆ.

ಪಪ್ಪ, ಎಡಕ್ಕೆ ಅಂದೆ. ಪರವಾಗಿಲ್ಲ, ಇನ್ನೊಂದು ಸುತ್ತು ಹಾಕಿ ಬನ್ನಿ.

ಯಾಕೆ ನಗು ನಿಲ್ಲಿಸಿದಿರಿ?

ಬಲಗಡೆ ಸೀಟು ಅಂದೆನಾ. ಎಡಗಡೆಯದ್ದು ಇರಬೇಕು. ಅವರು ಹೇಳಿದ್ದು... ಎರಡರದ್ದೂ ಒಂದೇ ಪೈಪಿಂಗ್ ಅಲ್ವಾ... ಅಲ್ಲ. ಎಡಗಡೆಯದ್ದಕ್ಕೆ ನೀವು ಪೈಪಿಂಗೇ ಹಾಕಲಿಲ್ಲ. ಪೆಡಲ್ ತುಳಿಯುವವರಿಗೆ ಒತ್ತುತ್ತದೆ ಅಂತ. ನನಗೆ ಮರೆತುಹೋಯಿತು. ನಿಮಗೆ ಮರೆಯುವುದಿಲ್ಲ.

ಮರಳಿನ ಚೀಲಕ್ಕೆ ಮೊಣಕಾಲು ಇರುವುದಿಲ್ಲ.

ಇದೇ ಬೀದಿ. ಆ ಬೋಗನ್‌ವಿಲ್ಲಾ ಇರುವ ಗೇಟು. ಇಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಬೇಡಿ, ಏಸಿ ಇರಲಿ. ಎರಡು ನಿಮಿಷ.

ಏನಾದರೂ ಹೇಳಿ ಪಪ್ಪ. ಸುಮ್ಮನಿರುವುದು ನನ್ನ ಕೆಲಸ, ನಿಮ್ಮದಲ್ಲ.

ಚೀಲ ಹರಿಯಿತು. ನಿಜವಾಗಿ ಹರಿಯಿತು. ಕಟ್ಟುವಾಗ ಹೊಲಿಗೆ ಬಿಟ್ಟು ಮರಳೆಲ್ಲ ಕೆಳಗೆ. ಗುಡಿಸಿ ತೆಗೆಯಲು ಅರ್ಧ ಗಂಟೆ. ಗಾಳಿ ಏಳುವ ಮೊದಲು ಹೋಗಬೇಕಿತ್ತು. ಇನ್ನೊಂದು ಚೀಲ ಇರಲಿಲ್ಲ. ಅವರು ಜೇಕಬನನ್ನು ನೋಡಿದರು, ಅವನು ಎರಡು ಚೀಲದಷ್ಟು. ನನ್ನನ್ನು ನೋಡಿದರು, ಮತ್ತೆ ತಲೆ ಅಲ್ಲಾಡಿಸಿ, ಇಲ್ಲ, ಮನೆಯವರನ್ನು ಕೇಳಬೇಕು ಅಂದರು. ನಾನೇ ಹೇಳಿದೆ, ಪಪ್ಪನಿಗೆ ಫೋನ್ ಮಾಡುತ್ತೇನೆ ಅಂತ. ಶೆಡ್ಡಿನ ಹಿಂದೆ ಹೋಗಿ ನಿಂತೆ. ಫೋನ್ ಕೈಯಲ್ಲೇ ಇತ್ತು. ನಂಬರ್ ಒತ್ತಲಿಲ್ಲ. ನೀವು ಬೇಡ ಅನ್ನುತ್ತೀರಿ ಅಂತ ಗೊತ್ತಿತ್ತು. ವಾಪಸ್ ಬಂದಾಗ ಅವರು, 'ಪಾಪಾ ಎಂತ ಹೇಳಿದರು?' ಅಂತ ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ನಮ್ಮದು ಉಂಟಲ್ಲ, ಹೌದೂ ಅಲ್ಲ ಇಲ್ಲವೂ ಅಲ್ಲ, ಆ ತರ. ಅದು ಯಾವ ಕಡೆಯದ್ದು ಅಂತ ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ಐವತ್ತು ವರ್ಷದಲ್ಲಿ ಕಾಫಿ ಕುಡಿಯದೆ ಅವರು ಯಾರನ್ನೂ ಕೂರಿಸಿದ್ದಿಲ್ಲ. ಅದಕ್ಕೇ ಇವತ್ತು ಕರೆದದ್ದು. ನಾಳೆಗೆ ಕೇಳಲಿಕ್ಕೆ ಮಾತ್ರ ಅಲ್ಲ, ಅಂದಿನದ್ದಕ್ಕೆ ಥ್ಯಾಂಕ್ಸ್ ಹೇಳಲಿಕ್ಕೆ. ನೀವು ಒಳಗೆ ಹೋದ ಕೂಡಲೇ ನಿಮ್ಮ ಎರಡು ಕೈ ಹಿಡಿದು, ಮಗಳನ್ನು ನನ್ನ ಕೈಯಲ್ಲಿ ಕೊಟ್ಟಿರಿ ಅನ್ನುತ್ತಾರೆ. ಅದನ್ನು ನೀವು ಅವರ ಬಾಯಿಂದ ಕೇಳಬಾರದು ಅಂತ... ಅದಕ್ಕೆ ನಜ್ಮಾದಿಂದ ಇಷ್ಟು ಮಾತು.

ಇಲ್ಲ, ನನಗೆ ಹೆದರಿಕೆ ಆಗಲಿಲ್ಲ. ಸ್ವಲ್ಪ ಆಯಿತು. ಸೀಟಿ ಅವರಿಗೆ ಕೇಳಿಸುವುದಿಲ್ಲ ಪಪ್ಪ. ಹೇಳಿದೆನಲ್ಲ, ತೆಳು ಸ್ವರ. ಕರವಸ್ತ್ರ ಹೊದೆಸಿ ನನ್ನ ಕಡೆ ತಿರುಗಿ, ಈಗ ನಿನ್ನ ಕಿವಿ ಕೊಡು ಅಂದರು. ನಾನು ಹೇಳುತ್ತಾ ಹೋದೆ. ಚೂಪಾಯಿತು, ಅವರು ಮೂಗು ಎತ್ತಿದರು. ಸಣ್ಣದಾಯಿತು, ಇಳಿಸಿದರು. ನೆಲ ಮುಟ್ಟುವವರೆಗೆ ಮಾತಾಡುತ್ತಲೇ ಇದ್ದೆ. ಎಂಥ ದೊಡ್ಡ ಸ್ವರದಲ್ಲಿ ಗೊತ್ತುಂಟಾ, ನೀವು ಕೇಳಿದ್ದರೆ ಇವಳು ನಮ್ಮ ಭವ್ಯಶ್ರೀ ಅಲ್ಲ ಅನ್ನುತ್ತಿದ್ದಿರಿ. ಅದಕ್ಕೇ ನಾಳೆ ನಾನು ಬೇಕು. ಮುಳ್ಳು ನೋಡಿ ಬರೆಯಲು ಯಾರಾದರೂ ಆಗುತ್ತದೆ.

ಕೈ ಯಾಕೆ ಹಾಗೆ ಸ್ಟೀರಿಂಗ್ ಮೇಲೆ... ಗಂಧದ ಬಗ್ಗೆ ಯೋಚನೆ ಮಾಡುತ್ತಿದ್ದೀರಿ. ನಾನು ಒಳಗೆ ಇದ್ದೆ ಅಂತ ಗೊತ್ತಿದ್ದರೆ ಅದು ತಮಾಷೆ ಆಗುತ್ತಿರಲಿಲ್ಲ. ನನಗೆ ಗೊತ್ತು ಪಪ್ಪ. ಅದಕ್ಕೇ ಮೊದಲು ನಗಿಸಿದೆ. ನೀವು ಒಮ್ಮೆ ನಕ್ಕದ್ದು ಬೇಕಿತ್ತು ನನಗೆ.

ಬಾಗಿಲು ತೆರೆದರು, ನೋಡಿ. ಚಪ್ಪಲಿಯಲ್ಲೇ ಗೇಟಿಗೆ ಬರುತ್ತಿದ್ದಾರೆ. ನನ್ನ ಪರವಾಗಿ ಅವರಿಗೆ ಸುಳ್ಳು ಹೇಳಿ ಅನ್ನುವುದಿಲ್ಲ. ನಾನೇ ಹೇಳುತ್ತೇನೆ, ನಿಮ್ಮ ಎದುರೇ. ನಾಳೆ ನೀವು ಬೇಡ ಅಂದರೆ ಬೇಡ, ಅಂದಿನದ್ದು ಕೇಳಿ ಅವರೇ ಬೇಡ ಅಂದರೂ ಬೇಡ. ಚೀಲ ಕಟ್ಟಲಿ. ಆದರೆ ಎಂತಾದರೂ ಒಂದು... ಬಯ್ಯಿರಿ ಬೇಕಾದರೆ.

ಡ್ಯಾಶ್‌ಬೋರ್ಡಿನಲ್ಲಿ ಎಂತ ಹುಡುಕುತ್ತೀರಿ? ಟಿಶ್ಯೂ ಹಿಂದೆ ಉಂಟು.

ಗಣಪತಿಯ ಡಬ್ಬಿ.

ಒಣಗಿದೆ ಅದು, ಬೆಳಿಗ್ಗೆಯ ಗಂಧ. ತಡೆಯಿರಿ, ನೀರಿನ ಬಾಟಲಿ ಇಲ್ಲಿ ಉಂಟು. ಎರಡು ಹನಿ ಸಾಕು. ...ಪಪ್ಪ, ಬೆರಳನ್ನು ನನ್ನ ಹಣೆಗೆ ಇಷ್ಟು ಹತ್ತಿರ ತಂದು ಯಾಕೆ ನಿಲ್ಲಿಸಿದಿರಿ?

ಅಲ್ಲಿ ತೂತು ಇಲ್ಲ. ಇಡಿ.